ಮಡಚುವ ಉಳಿಯ ಗುಣದೋಷ ವಿಚಾರ

ಈಚಿನ ವರ್ಷಗಳಲ್ಲಿ ಮಾರಾಟಕ್ಕೆ ಬಂದಿರುವ ಸಣ್ಣ ಹತಿಯಾರುಗಳಲ್ಲಿ ಮಡಚುವ ಉಳಿಯೂ ಒಂದಾಗಿರುತ್ತದೆ. ಜೇಬಿನ ಚಾಕುವಿನಂತೆ ಇದರ ಅಲಗು ಒಂದು ಕೀಲಿನ ಮೇಲೆ ತಿರುಗಿ ಹಿಡಿಯೊಳಗೆ ಅಡಗುತ್ತದೆ. ತೆರೆದಾಗ ಒಂದು ಚಿಲಕವು ಅಲಗನ್ನು ನೆಟ್ಟಗೆ ಹಿಡಿದು ನಿಲ್ಲಿಸುತ್ತದೆ. ನೋಡಲು ಚೊಕ್ಕಟವಾಗಿದ್ದು, ಕಿಸೆಯಲ್ಲಿ ಸಲೀಸಾಗಿ ಹಿಡಿಸುವುದರಿಂದ ಹೊಲಮನೆಗಳಲ್ಲಿ ತಿರುಗಾಡುವವರ ಮನಸ್ಸನ್ನು ಇದು ಬೇಗನೆ ಸೆಳೆಯುತ್ತದೆ. ಆದರೆ ಒಂದು ಹತಿಯಾರು ಮನಸ್ಸನ್ನು ಸೆಳೆಯುವುದು ಬೇರೆ, ಹಂಗಾಮಿನಲ್ಲಿ ಕೆಲಸಕ್ಕೆ ಬರುವುದು ಬೇರೆ. ಹಾವೇರಿ ತಾಲೂಕಿನ ಅಗಡಿ ಮತ್ತು ಅದರ ಸುತ್ತಿನ ರಾಣೆಬೆನ್ನೂರು, ಬ್ಯಾಡಗಿ ಭಾಗದ ಒಕ್ಕಲುತನಕ್ಕೆ ಈ ಉಳಿಯು ಎಷ್ಟರಮಟ್ಟಿಗೆ ಉಪಯುಕ್ತವೆಂಬುದನ್ನು ಊರ ಮುಖಂಡರೂ ಜಮೀನುದಾರರೂ ಕೊಳ್ಳುವ ಮುಂಚೆಯೇ ವಿಚಾರಿಸುವುದು ಹಿತಕರವಾಗಿದೆ.

ಉಳಿಯೆಂಬುದು ಬಡಿಗನ ಸಾಮಾನು, ಅದರ ಚರ್ಚೆ ಹೊಲದ ಒಡೆಯನಿಗೆ ಏತಕ್ಕೆಂದು ಕೆಲವರು ಕೇಳಬಹುದು. ಇದಕ್ಕೆ ಉತ್ತರವು ಕೂರಿಗೆ ಕುಂಟೆಗಳಲ್ಲಿಯೇ ಇದೆ. ಕೂರಿಗೆಯ ದಿಂಡಿಗೆ ತಾಳುಗಳನ್ನು ಕೂಡಿಸುವ ತೂತುಗಳು ಉಳಿಯಿಂದಲೇ ಆಗತಕ್ಕವು. ಕುಂಟೆಯ ತಾಳು, ನೇಗಿಲಿನ ಮೇಳಿ, ಈಸು ಕೂಡುವ ಸಂದು, ನೊಗದ ಗೂಟದ ತೂತು, ಚಕ್ಕಡಿಯ ಗುಂಬದಲ್ಲಿ ಅರೆಕಾಲು ಇಳಿಯುವ ಕಂಡಿ, ಇವೆಲ್ಲವೂ ಉಳಿಯ ಬಾಯಿಂದಲೇ ಹುಟ್ಟುತ್ತವೆ. ತೂತು ಅಳತೆ ತಪ್ಪಿದರೆ ತಾಳು ಸಡಿಲಾಗುತ್ತದೆ. ತಾಳು ಸಡಿಲಾದರೆ ಒಂದು ಸಾಲಿನ ಬೀಜ ಆಳಕ್ಕೂ ಮತ್ತೊಂದು ಸಾಲಿನದು ಮೇಲಕ್ಕೂ ಬೀಳುತ್ತದೆ. ಸಾಲುಗಳ ನಡುವಿನ ಅಂತರವೂ ಕೆಡುತ್ತದೆ. ಸಾಲು ಕೆಟ್ಟ ಹೊಲದಲ್ಲಿ ಮುಂದೆ ಎಡೆಕುಂಟೆ ಹೊಡೆಯುವಾಗ ಕಸದೊಡನೆ ಪೈರೂ ಕೊಯ್ದುಹೋಗುತ್ತದೆ. ಹೀಗೆ ಅರ್ಧ ಅಂಗುಲದ ಒಂದು ತೂತಿನ ದೋಷವು ಮೂರು ತಿಂಗಳ ಪೀಕಿನ ಮೇಲೆ ಪರಿಣಾಮ ಮಾಡುತ್ತದೆ.

ಇದರ ಮೇಲೆ ಹದದ ಮಾತೊಂದಿದೆ. ಎರೆಯ ಹೊಲವು ಮಳೆಯಾದ ಕೂಡಲೆ ಕಾಲಿಡಲು ಬಾರದಷ್ಟು ಜಿಗುಟಾಗಿರುತ್ತದೆ. ಬಿಸಿಲು ಬಿದ್ದ ಕೆಲವು ದಿನಗಳಲ್ಲಿಯೇ ಬಿಗಿದು ಬಿರುಕು ಬಿಡುತ್ತದೆ. ಇವೆರಡರ ನಡುವಿನ ದಿನಗಳೇ ಬಿತ್ತುವ ದಿನಗಳು. ಮಿರಗದ ಮಳೆ ಬಿದ್ದು ಹದ ಬಂದ ದಿನ ಕೂರಿಗೆಯ ತಾಳು ಮುರಿದರೆ, ಅದನ್ನು ಅಂದೇ ಸರಿಪಡಿಸುವ ಬಡಿಗನೂ ಅವನ ಕೈಯಲ್ಲಿ ಬಾಯಿ ಹರಿತವಾದ ಉಳಿಯೂ ಊರಲ್ಲಿರಬೇಕು. ಹದ ನೋಡಿ ಹರಗಬೇಕು, ಬೆದೆ ನೋಡಿ ಬಿತ್ತಬೇಕು ಎಂಬ ಹಿರಿಯರ ಮಾತು ಎತ್ತಿಗೆ ಆಳಿಗೆ ಹೇಗೋ ಹತಿಯಾರಿಗೂ ಹಾಗೆಯೇ ಅನ್ವಯಿಸುತ್ತದೆ. ಟ್ರ್ಯಾಕ್ಟರಿಗೆ ಕಟ್ಟುವ ಕಬ್ಬಿಣದ ಬಿತ್ತನೆಯ ಯಂತ್ರಗಳು ಈಗ ಬಹಳವಾಗಿವೆ. ರಾಜ್ಯ ಸರಕಾರದ ಕೃಷಿ ಯಂತ್ರಧಾರೆ ಕೇಂದ್ರಗಳು ೨೦೧೪-೧೫ರಿಂದ ಇಂಥ ಯಂತ್ರಗಳನ್ನು ಬಾಡಿಗೆಗೆ ಕೊಡುತ್ತ ಬಂದಿವೆ. ಆದರೂ ಸಣ್ಣ ಹಿಡುವಳಿಗಳಲ್ಲಿ, ಮುಖ್ಯವಾಗಿ ಹತ್ತಿ ಮೆಣಸಿನಕಾಯಿಗಳ ಸಾಲುಗಳ ನಡುವೆ ಎಡೆ ಹೊಡೆಯುವಲ್ಲಿ, ಎತ್ತಿನ ಎಡೆಕುಂಟೆಯ ಅವಶ್ಯಕತೆ ತೀರಿಲ್ಲ. ಆದುದರಿಂದ ಉಳಿಯ ಅವಶ್ಯಕತೆಯೂ ತೀರಿಲ್ಲವೆಂದೇ ತಿಳಿಯತಕ್ಕದ್ದು.

ಹೊಸ ಹತಿಯಾರೆಂಬ ಒಂದೇ ಕಾರಣಕ್ಕೆ ಮಡಚುವ ಉಳಿಯನ್ನು ತಿರಸ್ಕರಿಸುವುದು ನ್ಯಾಯವಲ್ಲ. ಹೊಸದನ್ನು ಕಂಡು ಶಂಕಿಸಿದ ನಮ್ಮ ಪ್ರಾಂತದ ಒಕ್ಕಲಿಗರೇ ಮುಂದೆ ಅದನ್ನು ಆದರದಿಂದ ಸ್ವೀಕರಿಸಿದ ಉದಾಹರಣೆ ಉಂಟು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ೧೮೬೯ರಲ್ಲಿ ಹುಟ್ಟಿದ ಲಕ್ಷ್ಮಣರಾವ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸೈಕಲ್ ಅಂಗಡಿ ನಡೆಸುತ್ತಿದ್ದವರು ಕಬ್ಬಿಣದ ನೇಗಿಲನ್ನು ಮಾಡಿ ಮಾರಹೊರಟಾಗ, ಕಬ್ಬಿಣವು ನೆಲಕ್ಕೆ ವಿಷವಾಗುವುದೆಂದು ಜನರು ಹಿಂಜರಿದರು. ಮೊದಲಿನ ನೇಗಿಲುಗಳು ಗಿರಾಕಿಗಳನ್ನು ಕಾಣಲು ಸುಮಾರು ಎರಡು ವರ್ಷ ಹಿಡಿದವು. ಮುಂದೆ ೧೯೧೦ರಲ್ಲಿ ಅವರು ಕಿರ್ಲೋಸ್ಕರವಾಡಿಯಲ್ಲಿ ಕಾರಖಾನೆಯನ್ನು ಕಟ್ಟಿದ ಮೇಲೆ ಆ ನೇಗಿಲು ದೇಶದಲ್ಲೆಲ್ಲ ಪ್ರಸಿದ್ಧವಾಯಿತು. ಹೊಸ ನೇಗಿಲು ಗೆದ್ದುದಕ್ಕೆ ಕಾರಣವೇನೆಂದರೆ, ಅದರ ಹೊಸತನವು ಉಳುವ ಕೆಲಸಕ್ಕೇ ಸಂಬಂಧಪಟ್ಟಿತ್ತು. ಅದು ಮಣ್ಣನ್ನು ಹೆಚ್ಚು ಆಳಕ್ಕೆ ಸೀಳಿ ಮಗುಚಿ ಹಾಕಿತು. ಮಡಚುವ ಉಳಿಯನ್ನೂ ಇದೇ ತಕ್ಕಡಿಯಲ್ಲಿ ತೂಗಬೇಕು. ಇದರ ಹೊಸತನವು ಕಟ್ಟಿಗೆಯನ್ನು ಕೊರೆಯುವ ಕೆಲಸಕ್ಕೆ ಸಂಬಂಧಪಟ್ಟುದೋ, ಅಥವಾ ಕಿಸೆಯಲ್ಲಿ ಒಯ್ಯುವ ಅನುಕೂಲತೆಗೆ ಮಾತ್ರ ಸಂಬಂಧಪಟ್ಟುದೋ ಎಂಬುದೇ ಇಲ್ಲಿಯ ಮುಖ್ಯ ಪ್ರಶ್ನೆ.

ಉತ್ತರ ಹೇಳುವ ಮುಂಚೆ ಒಳ್ಳೆಯ ಉಳಿಯ ಲಕ್ಷಣಗಳನ್ನು ನೋಡೋಣ. ಅವು ಮೂರು. ಮೊದಲನೆಯದು ಉಕ್ಕಿನ ಹದ. ಬಾಯಿಯ ಉಕ್ಕು ಬಿರುಸಾಗಿರಬೇಕು, ಆದರೆ ಗಾಜಿನಂತೆ ಸಿಡಿಯಬಾರದು. ಎರಡನೆಯದು ಬಾಯಿಯ ಇಳುಕಲು. ಕೈಯಿಂದ ನೂಕಿ ಸವರುವ ಉಳಿಗೆ ಸುಮಾರು ೨೫ ಅಂಶದ ಕೋನ ಸಾಕು. ಕೊಡತಿಯಿಂದ ಹೊಡೆದು ತೂತು ಮಾಡುವ ಉಳಿಗೆ ೩೦ ಅಂಶ ಅಥವಾ ತುಸು ಹೆಚ್ಚು ಬೇಕು. ಇದನ್ನು ಅಳೆಯಲು ಬೇರೆ ಯಂತ್ರ ಬೇಕಾಗಿಲ್ಲ. ಇಳುಕಲಿನ ಉದ್ದವು ಅಲಗಿನ ದಪ್ಪದ ಎರಡರಷ್ಟು ಇದ್ದರೆ ಕೋನವು ೩೦ ಅಂಶವಾಗುತ್ತದೆ. ಎರಡೂವರೆಯಷ್ಟರ ಸಮೀಪಕ್ಕೆ ಬಂದರೆ ೨೫ ಅಂಶದ ಹತ್ತಿರ ಇಳಿಯುತ್ತದೆ. ಮೂರನೆಯದು ಪೆಟ್ಟಿನ ದಾರಿ. ಸಾಮಾನ್ಯ ಉಳಿಯಲ್ಲಿ ಕೊಡತಿಯ ಪೆಟ್ಟು ಹಿಡಿಯ ತಲೆಯಿಂದ ಹೊರಟು ನೆಟ್ಟಗೆ ಅಲಗಿಗೆ ಇಳಿದು ಬಾಯಿಯನ್ನು ಸೇರುತ್ತದೆ. ಅಲಗಿನ ಬಾಲವು ಹಿಡಿಯೊಳಗೆ ಬಿಗಿಯಾಗಿ ಕೂತಿರುತ್ತದೆ, ಅದರ ಹೆಗಲು ಹಿಡಿಗೆ ಆನಿಸಿಕೊಂಡಿರುತ್ತದೆ, ಹಿಡಿಯು ಸೀಳದಂತೆ ಬಳೆಯು ಕಾಯುತ್ತದೆ. ದಾರಿಯಲ್ಲಿ ಎಲ್ಲಿಯೂ ಸಂದಿಲ್ಲ.

ಮಡಚುವ ಉಳಿಯಲ್ಲಿ ಈ ದಾರಿಯ ನಟ್ಟನಡುವೆ ಒಂದು ಕೀಲು ಇರುತ್ತದೆ. ಹಿಡಿಯ ಮೇಲೆ ಬಿದ್ದ ಪೆಟ್ಟೆಲ್ಲವೂ ಒಂದು ಸಣ್ಣ ಕೀಲುಮೊಳೆಯನ್ನೂ ಒಂದು ಚಿಲಕವನ್ನೂ ದಾಟಿಯೇ ಬಾಯಿಗೆ ಮುಟ್ಟಬೇಕು. ಜಾಲಿಯ ಕಟ್ಟಿಗೆಯು ಎಷ್ಟು ಗಟ್ಟಿಯೆಂಬುದು ಒಕ್ಕಲಿಗರಿಗೆ ಹೇಳಿಕೊಡಬೇಕಾದ ವಿಷಯವಲ್ಲ. ಕೂರಿಗೆಯ ದಿಂಡಿಗೂ ಕುಂಟೆಗೂ ಅದನ್ನು ಆರಿಸುವುದೇ ಆ ಗಟ್ಟಿತನಕ್ಕಾಗಿ. ಅಂಥ ಕಟ್ಟಿಗೆಯಲ್ಲಿ ಒಂದು ಚೌಕ ತೂತು ತೆಗೆಯಲು ನೂರಾರು ಪೆಟ್ಟು ಬೀಳುತ್ತವೆ. ಪ್ರತಿ ಪೆಟ್ಟಿಗೂ ಮೊಳೆಯ ತೂತು ಕೂದಲೆಳೆಯಷ್ಟು ಹಿಗ್ಗುತ್ತ ಹೋಗಿ, ಕೆಲವು ದಿನಗಳಲ್ಲಿ ಅಲಗು ಅಲುಗಾಡತೊಡಗುತ್ತದೆ. ಅಲುಗಾಡುವ ಅಲಗಿನಿಂದ ನೆಟ್ಟಗಿನ ಗೋಡೆಯುಳ್ಳ ತೂತನ್ನು ತೆಗೆಯುವುದು ನುರಿತ ಬಡಿಗನಿಂದಲೂ ಆಗದ ಮಾತು.

ಮೀಟುವ ಕೆಲಸದಲ್ಲಿ ಅಪಾಯವು ಇನ್ನೂ ಹೆಚ್ಚು. ತೂತಿನೊಳಗಿನ ಚಕ್ಕೆಯನ್ನು ಎಬ್ಬಿಸುವಾಗ ಬಡಿಗನು ಉಳಿಯನ್ನು ಹಾರೆಯಂತೆ ಒತ್ತುತ್ತಾನೆ. ಕೀಲಿನಿಂದ ಹಿಡಿಯ ತುದಿಗೆ ೧೦ ಸೆಂಟಿಮೀಟರ್, ಕೀಲಿನಿಂದ ಚಿಲಕದ ಹಲ್ಲಿಗೆ ೧ ಸೆಂಟಿಮೀಟರ್ ಇದೆಯೆಂದು ಇಟ್ಟುಕೊಂಡರೆ, ಕೈಯು ತುದಿಯಲ್ಲಿ ೧೦ ಕಿಲೋ ಭಾರದಷ್ಟು ಒತ್ತಿದಾಗ ಹಲ್ಲಿನ ಮೇಲೆ ಬೀಳುವುದು ೧೦೦ ಕಿಲೋ ಭಾರ. ಹಲ್ಲು ಜಾರಿದರೆ ಅಲಗು ಮಡಚುವುದು ಹಿಡಿಯನ್ನು ಹಿಡಿದ ಬೆರಳುಗಳ ಕಡೆಗೇ. ಬಿತ್ತಿಗೆಯ ದಿನಗಳಲ್ಲಿ ಒಬ್ಬ ಆಳಿನ ಬೆರಳು ಕೊಯ್ದುಹೋದರೆ ಆ ಮನೆಯ ಕೆಲಸವು ಎಷ್ಟು ಹಿಂದೆ ಬೀಳುವುದೆಂಬುದನ್ನು ಲೆಕ್ಕ ಹಾಕಿ ನೋಡತಕ್ಕದ್ದು.

ಮೂರನೆಯ ದೋಷವು ಮಣ್ಣಿನದು. ಹಿಡಿಯ ಸೀಳಿನೊಳಗೆ ಎರೆಮಣ್ಣು, ಕಟ್ಟಿಗೆಯ ಹೊಟ್ಟು, ಬೆವರಿನ ಪಸೆ ಸೇರಿಕೊಂಡರೆ ಚಿಲಕವು ಪೂರ್ತಿ ಕೂಡುವುದಿಲ್ಲ. ಕಣ್ಣಿಗೆ ಕೂತಂತೆ ತೋರಿ ಒಳಗೆ ಅರ್ಧವೇ ಕೂತಿರುವ ಚಿಲಕವು ಚಿಲಕವಿಲ್ಲದುದಕ್ಕಿಂತಲೂ ಹೆಚ್ಚು ಅಪಾಯಕರ. ಪಟ್ಟಣದ ಮನೆಯೊಳಗೆ ನೆರಳಿನಲ್ಲಿ ಬಳಸುವವನು ಇದನ್ನು ದಿನಾಲು ಒರೆಸಿ ಎಣ್ಣೆ ಬಿಟ್ಟು ಇಡಬಹುದು. ಮಳೆಯಲ್ಲಿ ನಿಂತು ಕುಂಟೆಯ ತಾಳು ಬಡಿಯುವವನಿಂದ ಅಷ್ಟು ಉಪಚಾರವನ್ನು ನಿರೀಕ್ಷಿಸಲಾಗದು.

ಇಷ್ಟು ಹೇಳಿದ ಮೇಲೆ ಇದರ ಗುಣವನ್ನೂ ಹೇಳುವುದು ನ್ಯಾಯ. ಹೊಲದಲ್ಲಿ ಪೆಟ್ಟು ಬೇಕಿಲ್ಲದ ಸಣ್ಣ ಕೆಲಸಗಳು ಎಷ್ಟೋ ಇವೆ. ಸಡಿಲಾದ ಗುದ್ದಲಿಗೆ ಒಂದು ಬೆಣೆ ಸವರುವುದು, ಹೊಸ ಕಾವಿನ ತುದಿಯನ್ನು ಕಣ್ಣಿಗೆ ಹೊಂದುವಂತೆ ಕೆತ್ತುವುದು, ಕೂರಿಗೆಯ ಬಿದಿರಿನ ನಳಿಗೆಯ ಬಾಯಿಯನ್ನು ಒಪ್ಪಮಾಡುವುದು, ನೊಗದ ಗೂಟದ ಸಿಬಿರು ತೆಗೆಯುವುದು, ಇವು ಕೈಯ ಒತ್ತಿನಿಂದಲೇ ಆಗುವ ಕೆಲಸಗಳು. ಚಿಲಕವು ಗಟ್ಟಿಯಾಗಿದ್ದು ಉಕ್ಕು ಒಳ್ಳೆಯದಿದ್ದರೆ ಇವಕ್ಕೆಲ್ಲ ಮಡಚುವ ಉಳಿಯು ಸಾಕಾಗುತ್ತದೆ. ಬಾಯಿಯು ಒಳಗೆ ಅಡಗಿರುವುದರಿಂದ ಕಿಸೆಯನ್ನು ಹರಿಯುವುದಿಲ್ಲ, ಚೀಲದೊಳಗೆ ಇತರ ಸಾಮಾನಿಗೆ ತಾಗಿ ಬಾಯಿ ಮೊಂಡಾಗುವುದಿಲ್ಲ. ಹೊಲದಿಂದ ಹೊಲಕ್ಕೆ ಓಡಾಡುವ ಯಜಮಾನನಿಗೂ, ದನಗಳ ಹಿಂದೆ ದೂರ ಹೋಗುವವನಿಗೂ ಈ ಅನುಕೂಲವು ಸುಳ್ಳಲ್ಲ.

ಆದರೆ ಈ ಅನುಕೂಲತೆಯನ್ನು ಕೀಲಿಲ್ಲದೆಯೂ ಪಡೆಯಬಹುದೆಂಬುದನ್ನು ಮರೆಯಬಾರದು. ಮುಕ್ಕಾಲು ಅಂಗುಲ ಅಗಲದ ಒಂದು ಗಿಡ್ಡ ಉಳಿಗೆ ಚರ್ಮದ ಒರೆಯನ್ನು ಹೊಲಿಸಿದರೆ, ಅಥವಾ ಗಿಣ್ಣಿನ ಕಡೆ ಮುಚ್ಚಿದ ಒಂದು ಬಿದಿರಿನ ತುಂಡನ್ನು ಬಾಯಿಗೆ ತೊಡಿಸಿದರೆ, ಅದನ್ನೂ ಸೊಂಟಕ್ಕೆ ಸಿಕ್ಕಿಸಿಕೊಂಡು ನಿಶ್ಚಿಂತೆಯಿಂದ ತಿರುಗಬಹುದು. ಅದು ಸವರಲೂ ಬರುತ್ತದೆ, ಪ್ರಸಂಗ ಬಿದ್ದರೆ ಪೆಟ್ಟನ್ನೂ ತಾಳುತ್ತದೆ. ಒರೆಯ ಖರ್ಚು ಅಲ್ಪ. ಬಿದಿರಿನದಾದರೆ ಖರ್ಚೇ ಇಲ್ಲ. ಒಯ್ಯುವ ತೊಂದರೆಯನ್ನು ಒರೆಯು ನಿವಾರಿಸುವಾಗ, ಅದೇ ತೊಂದರೆಗಾಗಿ ಹತಿಯಾರಿನ ಬೆನ್ನೆಲುಬನ್ನು ಮುರಿದು ಕೀಲು ಹಾಕುವುದು ಯೋಗ್ಯವೆನಿಸದು.

ಇಷ್ಟರ ಮೇಲೂ ಮಡಚುವ ಉಳಿಯನ್ನು ಕೊಳ್ಳಬೇಕೆನ್ನುವವರು ಅಂಗಡಿಯಲ್ಲಿ ನಿಂತು ಈ ಕೆಳಗಿನ ಪರೀಕ್ಷೆಗಳನ್ನು ಮಾಡತಕ್ಕದ್ದು. ಮೊದಲು ಅಲಗನ್ನು ತೆರೆದು, ಬಾಯಿಗೆ ಬೆರಳು ತಾಗದಂತೆ ಅದರ ಮಗ್ಗುಲುಗಳನ್ನು ಹಿಡಿದು, ಎಡಕ್ಕೂ ಬಲಕ್ಕೂ ಅಲುಗಿಸಬೇಕು. ಹೊಸದರಲ್ಲಿಯೇ ಅಲುಗಾಡುವುದನ್ನು ಬಿಟ್ಟುಬಿಡುವುದು ಲೇಸು. ಎರಡನೆಯದಾಗಿ, ಬೆರಳುಗಳನ್ನು ಸೀಳಿನಿಂದ ದೂರ ಇಟ್ಟುಕೊಂಡು, ಅಲಗಿನ ಬೆನ್ನನ್ನು ಒಂದು ಹಲಗೆಗೆ ಆನಿಸಿ ಮಡಚುವ ದಿಕ್ಕಿಗೆ ಮೆಲ್ಲಗೆ ಒತ್ತಿ ನೋಡಬೇಕು, ಚಿಲಕವು ಜಾರಬಾರದು. ಮೂರನೆಯದಾಗಿ, ಉಳಿಯ ಸಪಾಟು ಮುಖದ ಮೇಲೆ ಉಕ್ಕಿನ ಅಳತೆಪಟ್ಟಿಯ ಅಂಚನ್ನು ನಿಲ್ಲಿಸಿ ಬೆಳಕಿಗೆ ಹಿಡಿಯಬೇಕು. ಬಾಯಿಯ ಹತ್ತಿರ ಸಂದಿನಲ್ಲಿ ಬೆಳಕು ಕಂಡರೆ ಆ ಮುಖ ಸಪಾಟಾಗಿಲ್ಲವೆಂದು ತಿಳಿಯಬೇಕು, ಅಂಥ ಉಳಿಯು ನೆಟ್ಟಗೆ ಸವರಲಾರದು. ನಾಲ್ಕನೆಯದಾಗಿ, ಅಂಗಡಿಕಾರನು ಒಪ್ಪಿದರೆ, ಬಾಯಿಯ ಮೂಲೆಯ ಮೇಲೆ ಒಂದು ಹೊಸ ಅರವನ್ನು ಹಗುರವಾಗಿ ಎಳೆಯಬೇಕು. ಅರವು ಜಾರಿ ಹೋದರೆ ಉಕ್ಕು ಬಿರುಸು, ಕಚ್ಚಿ ಪುಡಿ ಎಬ್ಬಿಸಿದರೆ ಮೆದು. ತುಕ್ಕು ಹಿಡಿಯದೆಂದು ಹೊಗಳಿ ಮಾರುವ ಅಗ್ಗದ ಉಕ್ಕು ಬಹುಶಃ ಈ ನಾಲ್ಕನೆಯ ಪರೀಕ್ಷೆಯಲ್ಲಿಯೇ ಸೋಲುತ್ತದೆ. ತುಕ್ಕು ಹಿಡಿಯದಿರುವುದು ಒಂದು ಗುಣವೇ ಹೌದು; ಆದರೆ ಎಣ್ಣೆಯ ಚಿಂದಿಯಿಂದ ಒರೆಸಿ ತುಕ್ಕನ್ನು ತಡೆಯಬಹುದು, ಮೆದು ಬಾಯಿಯನ್ನು ಯಾವ ಎಣ್ಣೆಯೂ ಬಿರುಸು ಮಾಡಲಾರದು. ಅಗ್ಗ ಸೂರೆಯೆಂದು ಮುಗ್ಗಿದ ಜೋಳ ಕೊಂಡರಂತೆ ಎಂಬ ಗಾದೆಯು ಹತಿಯಾರಿನ ವ್ಯಾಪಾರಕ್ಕೂ ಸಲ್ಲುತ್ತದೆ.

ಊರ ಕುಲುಮೆಯ ಉಳಿಯನ್ನು ಅಂಗಡಿಯ ಮಾಲಿಗಿಂತ ಕಡಿಮೆಯೆಂದು ಎಣಿಸುವ ರೂಢಿಯೂ ಒಳ್ಳೆಯದಲ್ಲ. ಉಕ್ಕು ಎಂಬ ದಕ್ಷಿಣದ ಮಾತೇ ಪಡುವಣ ದೇಶಗಳಲ್ಲಿ ವೂಟ್ಸ್ ಎಂಬ ರೂಪವನ್ನು ತಾಳಿತೆಂದು ವಿದ್ವಾಂಸರು ಬಗೆಯುತ್ತಾರೆ. ಆ ಉಕ್ಕಿನ ಗುಣವನ್ನು ಜಾರ್ಜ್ ಪಿಯರ್ಸನ್ ಎಂಬ ಪಂಡಿತನು ೧೭೯೫ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ವಿವರಿಸಿದನು. ಅಂಥ ಉಕ್ಕನ್ನು ಇಂದು ಊರಲ್ಲಿ ಕರಗಿಸುವವರಿಲ್ಲ. ಆದರೂ ಕಮ್ಮಾರನು ಲಾರಿಯ ಹಳೆಯ ಕಮಾನು ಪಟ್ಟಿಯಿಂದಲೂ ಸವೆದ ಅರದಿಂದಲೂ ಯೋಗ್ಯವಾದ ಉಳಿಯನ್ನು ಬಡಿಯಬಲ್ಲನು. ಕಮಾನು ಪಟ್ಟಿಯಲ್ಲಿ ಇಂಗಾಲವು ನೂರಕ್ಕೆ ಸುಮಾರು ಅರ್ಧ ಪಾಲಿಗಿಂತ ತುಸು ಹೆಚ್ಚು ಇರುವುದರಿಂದ ಅದು ಪೆಟ್ಟನ್ನು ಚೆನ್ನಾಗಿ ತಾಳುತ್ತದೆ. ಅರದಲ್ಲಿ ಸುಮಾರು ಒಂದು ಪಾಲು ಇಲ್ಲವೆ ಅದಕ್ಕೂ ಹೆಚ್ಚು ಇರುವುದರಿಂದ ಅದು ಹರಿತವನ್ನು ಬಹುಕಾಲ ಹಿಡಿಯುತ್ತದೆ, ಆದರೆ ಹದ ತಪ್ಪಿದರೆ ಸಿಡಿಯುತ್ತದೆ.

ಹದ ಹಾಕುವ ಕ್ರಮವು ಇಂತಿದೆ. ಬಾಯಿಯನ್ನು ಅಯಸ್ಕಾಂತವು ಹಿಡಿಯದಷ್ಟು ಕೆಂಪಗೆ ಕಾಯಿಸಿ, ಉಕ್ಕಿನ ಜಾತಿಗೆ ತಕ್ಕಂತೆ ನೀರಿನಲ್ಲಾಗಲಿ ಎಣ್ಣೆಯಲ್ಲಾಗಲಿ ಆರಿಸಬೇಕು. ಬಳಿಕ ಬಾಯಿಯನ್ನು ಉಜ್ಜಿ ಬೆಳ್ಳಗೆ ಮಾಡಿ, ಹಿಂಭಾಗದಿಂದ ಮೆಲ್ಲಗೆ ಕಾವು ಕೊಡಬೇಕು. ಬಾಯಿಯ ತನಕ ಒಣಹುಲ್ಲಿನ ಹಳದಿ ಬಣ್ಣವು ಓಡಿ ಬಂದ ಕೂಡಲೆ ಕಾವನ್ನು ನಿಲ್ಲಿಸಿ ತಣಿಸಬೇಕು. ಬಣ್ಣವು ನೀಲಿಗೆ ತಿರುಗುವ ತನಕ ಬಿಟ್ಟರೆ ಬಾಯಿ ಮೆದುವಾಗುತ್ತದೆ. ಅವಸರದಿಂದ ತಿರುಗುವ ಸಾಣೆಗೆ ಒತ್ತಿ ಹಿಡಿದು ಬಾಯಿಯನ್ನು ನೀಲಿಗಟ್ಟಿಸಿದರೂ ಇದೇ ಕೇಡು ಒದಗುತ್ತದೆ. ಆದ್ದರಿಂದ ಉಳಿಯನ್ನು ಮಸೆಯುವಾಗ ಮೇಲಿಂದ ಮೇಲೆ ನೀರಿನಲ್ಲಿ ಅದ್ದುತ್ತಿರತಕ್ಕದ್ದು.

ಈಗ ಊರ ಮುಖಂಡರಿಗೆ ವಿಶೇಷವಾಗಿ ಸಂಬಂಧಪಟ್ಟ ವಿಷಯವೊಂದಿದೆ. ಮೊದಲು ಬಡಿಗನೂ ಕಮ್ಮಾರನೂ ಆಯದ ಕಾಳಿನ ಮೇಲೆ ಬದುಕಿ ಊರ ಹತಿಯಾರುಗಳನ್ನು ವರ್ಷವಿಡೀ ನೋಡಿಕೊಳ್ಳುತ್ತಿದ್ದರು. ಆ ಏರ್ಪಾಡು ಈಗ ಬಹುಮಟ್ಟಿಗೆ ಅಳಿದಿದೆ. ಅನೇಕ ಕಸುಬುದಾರರ ಮಕ್ಕಳು ಪಟ್ಟಣಗಳಲ್ಲಿ ಬಾಗಿಲು ಕಿಟಕಿಗಳ ಕೆಲಸಕ್ಕೆ ಹೋಗಿದ್ದಾರೆ. ಕೇಂದ್ರ ಸರಕಾರವು ೨೦೨೩ರ ಸಪ್ಟೆಂಬರ ೧೭ರಂದು ಆರಂಭಿಸಿದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯಲ್ಲಿ ಬಡಗಿ, ಕಮ್ಮಾರ ಮೊದಲಾದ ೧೮ ಕಸುಬುಗಳು ಸೇರಿರುತ್ತವೆ. ತರಬೇತಿಯ ಜೊತೆಗೆ ಹತಿಯಾರುಗಳಿಗಾಗಿ ೧೫,೦೦೦ ರೂಪಾಯಿಯ ವರೆಗೆ ಸಹಾಯವನ್ನು ಅದರಲ್ಲಿ ಗೊತ್ತುಪಡಿಸಲಾಗಿದೆ. ಅರ್ಜಿಯ ಮೊದಲನೆಯ ಪರಿಶೀಲನೆಯು ಹಳ್ಳಿಗಳಲ್ಲಿ ಗ್ರಾಮ ಪಂಚಾಯತಿಯ ಮಟ್ಟದಲ್ಲಿಯೇ ಆಗಬೇಕಾಗಿದೆ. ಆದುದರಿಂದ ನಿಜವಾಗಿ ಕಸುಬು ಮಾಡುವವನ ಅರ್ಜಿಯು ಮುಂದೆ ಹೋಗುವಂತೆ ನೋಡಿಕೊಳ್ಳುವುದು ಮುಖಂಡರ ಕರ್ತವ್ಯವಾಗಿದೆ. ಕೈಗೆ ಬಂದ ಹತಿಯಾರುಗಳನ್ನು ಮೇಲೆ ಹೇಳಿದ ರೀತಿಯಿಂದ ಪರೀಕ್ಷಿಸಿಕೊಳ್ಳುವುದಕ್ಕೂ ಅವರು ಕಸುಬುದಾರನಿಗೆ ನೆರವಾಗಬಹುದು. ಹೊಳೆಯುವ ಹತ್ತು ಸಾಮಾನುಗಳಿಗಿಂತ, ಕಾಲು ಅಂಗುಲ, ಅರ್ಧ ಅಂಗುಲ, ಒಂದು ಅಂಗುಲ ಅಗಲದ ಮೂರು ಒಳ್ಳೆಯ ಉಳಿಗಳೂ ಒಂದು ಸಾಣೆಕಲ್ಲೂ ಊರ ಒಕ್ಕಲುತನಕ್ಕೆ ಹೆಚ್ಚು ಕೆಲಸಕ್ಕೆ ಬರುತ್ತವೆ.

ಒಟ್ಟಿನಲ್ಲಿ ಹೇಳತಕ್ಕದ್ದೇನೆಂದರೆ: ಮಡಚುವ ಉಳಿಯು ಕೈಯ ಒತ್ತಿನಿಂದ ಸವರುವ ಸಣ್ಣ ಕೆಲಸಗಳಿಗೆ ಉಪಯುಕ್ತ, ಪೆಟ್ಟಿನ ಮತ್ತು ಮೀಟಿನ ಕೆಲಸಗಳಿಗೆ ಅನುಪಯುಕ್ತ ಹಾಗೂ ಅಪಾಯಕರ. ಮನೆಯಲ್ಲಿ ಒಳ್ಳೆಯ ಉಳಿಗಳಿದ್ದು, ಮೇಲೆ ಇನ್ನೊಂದು ಇರಲೆಂದು ಇದನ್ನು ಕೊಳ್ಳುವವರಿಗೆ ಅಡ್ಡಿಯಿಲ್ಲ. ಇರುವ ಒಂದೇ ಉಳಿಯ ಬದಲಾಗಿ ಇದನ್ನು ಕೊಳ್ಳುವುದು ತಪ್ಪು. ಮಕ್ಕಳ ಕೈಗೆ ಇದನ್ನು ಕೊಡಲೇಬಾರದು. ಆಳುಗಳಿಗೆ ಕೊಟ್ಟರೆ, ಕೊಡತಿಯಿಂದ ಹೊಡೆಯಕೂಡದೆಂದು ಮೊದಲೇ ತಿಳಿಸಿ ಕೊಡತಕ್ಕದ್ದು.

ಯುಗಾದಿಯಿಂದ ರೋಹಿಣಿ ಮಳೆಯ ತನಕ ಹೊಲದ ಕೆಲಸವು ಕಡಿಮೆಯಿರುತ್ತದೆ. ಆ ದಿನಗಳಲ್ಲಿ ಪ್ರತಿಯೊಬ್ಬ ಜಮೀನುದಾರನು ತನ್ನ ಕೂರಿಗೆ, ಕುಂಟೆ, ಎಡೆಕುಂಟೆಗಳ ತಾಳುಗಳನ್ನು ಅಲುಗಿಸಿ ನೋಡಿ, ಸಡಿಲಾದವುಗಳನ್ನು ಬಡಿಗನಿಗೆ ಒಪ್ಪಿಸಿ, ಅವನ ಕೂಲಿಯನ್ನು ಆಗಲೇ ಸಲ್ಲಿಸಬೇಕು. ಮುಖಂಡರು ತಮ್ಮ ಊರಿನ ಬಡಿಗನ ಉಳಿಗಳನ್ನು ಒಮ್ಮೆ ಕಣ್ಣಾರೆ ನೋಡಿ, ಬಾಯಿ ಕೆಟ್ಟವುಗಳನ್ನು ಹದ ಹಾಕಿಸಲು ಕುಲುಮೆಗೆ ಕಳಿಸುವ ಏರ್ಪಾಡು ಮಾಡಬೇಕು. ಮಿರಗದ ಮೋಡ ಕಟ್ಟಿದ ಮೇಲೆ ಈ ಕೆಲಸಕ್ಕೆ ತೊಡಗಿದರೆ ಊರವರೆಲ್ಲ ಒಂದೇ ದಿನ ಒಬ್ಬನೇ ಬಡಿಗನ ಬಾಗಿಲಲ್ಲಿ ನಿಲ್ಲಬೇಕಾದೀತು.